ದಿಂಬಿನ ಎತ್ತರದಿಂದ

ನನ್ನ ಕೆಲಸ ಕಿಟಕಿ ಮಾಡುವುದು. ಮನೆಯ ಕಿಟಕಿಯಲ್ಲ, ಮನೆಯ ಮಾದರಿಯ ಕಿಟಕಿ. ಬೆಳಗ್ಗೆ ಟೇಕಲ್‌ನಲ್ಲಿ ರೈಲು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತೇನೆ. ಅಲ್ಲೊಂದು ವರ್ಕ್‌ಶಾಪಿನಲ್ಲಿ ಇನ್ನೂ ಪಾಯ ತೋಡದ ಅಪಾರ್ಟ್‌ಮೆಂಟುಗಳನ್ನು ನಾವು ಮೇಜಿನ ಮೇಲೆ ಕಟ್ಟುತ್ತೇವೆ. ಬಿಲ್ಡರುಗಳು ಅದರ ಸುತ್ತ ಗಿರಾಕಿಗಳನ್ನು ನಿಲ್ಲಿಸಿ, ಇದೇ ನಿಮ್ಮ ಬಾಲ್ಕನಿ ಎಂದು ಕೋಲಿನಲ್ಲಿ ತೋರಿಸುತ್ತಾರೆ. ಗೋಡೆ ಒಬ್ಬರಿಗೆ, ಗಿಡಮರ ಒಬ್ಬರಿಗೆ, ಕಿಟಕಿ ನನ್ನ ಪಾಲಿಗೆ. ಕುತ್ತಿಗೆ ಹಿಡಿದುಕೊಂಡು, ಕಣ್ಣು ಉರಿದು ಸಂಜೆ ರೈಲಿಗೆ ಬಂದರೆ, ಆ ರೈಲಿನಲ್ಲೂ ಕಿಟಕಿ ಪಕ್ಕದ ಸೀಟು ನನಗೆ ಬೇಡ.

ಸಣ್ಣ ಕಿಟಕಿಗೆ ಗಾಜು ಹಾಕುವುದು ನೋಡುವವರಿಗೆ ಆಟ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದರೆ ಆಯಿತಲ್ಲ ಎನ್ನುತ್ತಾರೆ. ದೊಡ್ಡ ಕಿಟಕಿಗಾದರೆ ಸರಿ. ಉಗುರಿನಷ್ಟು ಕಿಟಕಿಗೆ ಹಾಳೆ ಅಂಟಿಸಿದರೆ ಅದು ಅಂಟಿಸಿದ ಹಾಳೆಯಂತೆಯೇ ಕಾಣುತ್ತದೆ, ಗಾಜಿನಂತೆ ಕಾಣುವುದಿಲ್ಲ. ಅದಕ್ಕೆ ಮರಕ್ಕೆ ಹಾಕುವ ಬಿಳಿ ಗೋಂದೇ ಬೇಕು. ಹಲ್ಲುಕಡ್ಡಿಯ ತುದಿಗೆ ಗೋಂದು ತೆಗೆದುಕೊಂಡು ಚೌಕಟ್ಟಿನ ಒಳಅಂಚಿಗೆ ಸುತ್ತಲೂ ಸವರಬೇಕು, ಆಮೇಲೆ ಕಡ್ಡಿಯನ್ನು ಅಡ್ಡ ಮಲಗಿಸಿ ಈ ಅಂಚಿನಿಂದ ಆ ಅಂಚಿಗೆ ಮೆಲ್ಲಗೆ ಎಳೆಯಬೇಕು. ಸರಿಯಾಗಿ ಎಳೆದರೆ ಒಂದು ಪೊರೆ ಕಟ್ಟುತ್ತದೆ. ಮೊದಲು ಹಾಲಿನಂತೆ ಬೆಳ್ಳಗಿರುತ್ತದೆ. ಒಣಗುತ್ತಾ ಒಣಗುತ್ತಾ ತಿಳಿಯಾಗಿ, ಕೊನೆಗೆ ಅಲ್ಲಿ ಏನೋ ಇದೆ ಎಂಬುದು ಬೆಳಕು ಬಿದ್ದು ಮಿಂಚಿದಾಗ ಮಾತ್ರ ಗೊತ್ತಾಗುತ್ತದೆ. ನಡುವೆ ಕೈ ನಡುಗಿದರೆ, ಯಾರಾದರೂ ಸೀನಿದರೆ, ಪೊರೆ ಒಡೆಯುತ್ತದೆ. ಮತ್ತೆ ಮೊದಲಿಂದ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನಗೆ ಸಿಗುವುದು ವಾರಕ್ಕೊಂದು ಭಾನುವಾರ. ಅಂಥ ಭಾನುವಾರವೊಂದನ್ನು ನನ್ನ ಸೋದರಮಾವನ ಮನೆಯವರು ಕಿಟಕಿಗಾಗಿಯೇ ಕೇಳಿದರು.

ಮಾವ ದೊಡ್ಡಮುನಿಯಪ್ಪನ ಊರು ಶ್ರೀನಿವಾಸಪುರ ದಾಟಿ ಮುಳಬಾಗಿಲಿನ ಕಡೆಗೆ ಹೋಗುವಾಗ ಒಳಗೆ ಸಿಗುತ್ತದೆ. ಅವನೂ ತಮ್ಮ ಆಂಜಿನಪ್ಪನೂ ಭಾಗ ಆಗಿ ಬೇರೆಯಾಗಿದ್ದಾರೆ. ಆದರೆ ಮನೆಗಳ ಬೆನ್ನಿಗೆ ಬೆನ್ನು ತಾಗಿದೆ. ಮಾವನ ಹಿಂದಿನ ಕೋಣೆಯ ಗೋಡೆ ದಾಟಿದರೆ ಆಂಜಿನಪ್ಪನ ಅಂಗಳ, ಅಂಗಳದ ಆ ಕೊನೆಗೆ ರೇಷ್ಮೆಹುಳ ಸಾಕುವ ಹುಳದ ಮನೆ. ಒಟ್ಟಿಗೆ ಇದ್ದಾಗ ಆ ಹುಳದ ಮನೆ ನಡೆಸುತ್ತಿದ್ದವಳು ಮಾವನ ಹೆಂಡತಿ ಗಂಗರತ್ನಮ್ಮ, ನನ್ನ ಅತ್ತೆ. ಎರಡು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಾಯಿತು. ಹುಳದ ಮನೆ ಆಂಜಿನಪ್ಪನ ಪಾಲಿಗೆ ಬಂತು. ಅಂದರೆ ಅವನ ಹೆಂಡತಿ ಮುನಿಯಲ್ಲಮ್ಮನ ಪಾಲಿಗೆ.

ಫೋನ್ ಮಾಡಿದವನು ಮಾವನ ಮಗ ಕದಿರೇಶ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಕೂತು ಮಾತಾಡುತ್ತಿದ್ದ. ಅವನ ಆಕಳಿಕೆ ನನಗೂ ಅಂಟಿತು.

"ಅಮ್ಮ ಹಿಂದಿನ ಗೋಡೆಗೆ ಕಿಟಕಿ ಇಡ್ಸಿ ಅಂತ ಹಟ ಹಿಡಿದವ್ಳೆ ಕಣೇ ರಂಜಿತಾ. ಅದೊಂದೇ ಮಾತು, ದಿನಾ. ಚಿಕ್ಕಮ್ಮ ಆಗಲ್ಲ ಅಂತವ್ಳೆ. ಕಾಯಿಲೆಯವರ ಕಣ್ಣು ಹುಳದ ಮೇಲೆ ಬಿದ್ರೆ ಹುಳ ಉಳಿಯಲ್ವಂತೆ."

ಇದನ್ನು ಕೇಳಿ ನಗುವವರು ನಗಬಹುದು. ನಮ್ಮ ಕಡೆ ಹುಳದ ಮನೆಯ ಬಾಗಿಲಿಗೆ ಹೊಸಬರು ಬಂದು ನಿಂತರೇ ಮುಖ ಗಂಟಿಕ್ಕುತ್ತಾರೆ. ಹುಳ ಎಷ್ಟಿವೆ, ಹೇಗಿವೆ ಎಂದು ಕೇಳಬಾರದು, ಚೆನ್ನಾಗಿವೆ ಎನ್ನಲೂಬಾರದು. ಹಾಗಿರುವಾಗ ಹಾಸಿಗೆ ಹಿಡಿದವಳು ಬೆಳಗಿಂದ ಸಂಜೆವರೆಗೆ ಆ ಬಾಗಿಲನ್ನೇ ನೋಡುತ್ತಾ ಮಲಗಿರುತ್ತಾಳೆ ಎಂದರೆ ಯಾರು ಒಪ್ಪುತ್ತಾರೆ? ಅದೂ ಅಲ್ಲದೆ ಇನ್ನೊಬ್ಬರ ಭಾಗದ ಅಂಗಳಕ್ಕೆ ಕಿಟಕಿ ತೆಗೆಯಬೇಕಾದರೆ ಅವರ ಒಪ್ಪಿಗೆ ಬೇಕೇ ಬೇಕು.

"ಅಪ್ಪ ಒಂದು ಉಪಾಯ ಮಾಡವ್ನೆ," ಎಂದ ಕದಿರೇಶ. "ಕಿಟಕೀನ ಎತ್ತರಕ್ಕೆ ಇಡೋದು. ಮಲಗಿದೋರಿಗೆ ಬೆಳಕು, ಗಾಳಿ ಬರುತ್ತೆ, ಹುಳದ ಮನೆ ಕಾಣಲ್ಲ. ಬಾಯಲ್ಲಿ ಹೇಳಿದ್ರೆ ಚಿಕ್ಕಪ್ಪ ನಂಬ್ತಿಲ್ಲ. ನೀನು ಬಿಲ್ಡಿಂಗ್ ಬೊಂಬೆ ಮಾಡ್ತೀಯಲ್ಲ, ಒಂದು ಮಾಡ್ಕೊಂಡು ಬಂದು ತೋರ್ಸು. ಅಳತೆ ಕಳಿಸ್ತೀನಿ."

ಬೊಂಬೆ ಎಂದದ್ದಕ್ಕೆ ಸಿಟ್ಟು ಬಂತು. ಬೈಯುವಷ್ಟು ತ್ರಾಣ ಇರಲಿಲ್ಲ. ಹೂಂ ಅಂದೆ.

ಮಾಡಿದೆ. ವರ್ಕ್‌ಶಾಪಿನಲ್ಲಿ ಉಳಿದ ಬಿಳಿ ಹಲಗೆಯಲ್ಲಿ ಕೋಣೆ, ಮಂಚ, ಅಂಗಳ, ಹುಳದ ಮನೆ, ಅದರ ಬಾಗಿಲು, ಒಣಗಿದ ಸ್ಪಂಜಿನಲ್ಲಿ ಅಂಗಳದ ಬೇವಿನಮರ. ಎಲ್ಲವೂ ಅಳತೆಗೆ ಸರಿಯಾಗಿ. ಮಂಚದ ತಲೆಯ ಕಡೆ, ದಿಂಬು ಇರುವ ಎತ್ತರಕ್ಕೆ, ಕಿಟಕಿಯ ಎದುರಿನ ಗೋಡೆಗೊಂದು ತೂತು ಕೊರೆದೆ. ಅಲ್ಲಿ ಕಣ್ಣಿಟ್ಟರೆ ಮಲಗಿದವಳಿಗೆ ಏನು ಕಾಣುತ್ತದೋ ಅದೇ ಕಾಣಬೇಕು. ಕಿಟಕಿಗೆ ಚೌಕಟ್ಟು ಕೂರಿಸಿದೆ, ಅಡ್ಡಪಟ್ಟಿ ಕೂರಿಸಿದೆ. ಗಾಜು ಹಾಕಲಿಲ್ಲ. ಸಾಕಾಗಿತ್ತು. ತೂತಿನಿಂದ ನೋಡಿದರೆ ಗಾಜಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದುಕೊಂಡೆ.

ಭಾನುವಾರ ಬೆಳಗ್ಗೆ ಎರಡು ಬಸ್ಸು ಬದಲಾಯಿಸಿ, ಮಾದರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಗೌನಿಪಲ್ಲಿಗೆ ಹೊರಟಿದ್ದ ಹೆಂಗಸೊಬ್ಬಳು ದಾರಿಯುದ್ದಕ್ಕೂ ಅದು ಗೃಹಪ್ರವೇಶದ ಕೇಕಾ ಎಂದು ಕೇಳುತ್ತಿದ್ದಳು.

ಮಾವ ಅದನ್ನು ಆಂಜಿನಪ್ಪನ ಅಂಗಳದ ಕಲ್ಲುಬೆಂಚಿನ ಮೇಲೆ ಇಡಿಸಿದ. ಆಂಜಿನಪ್ಪ ಸುತ್ತ ಎರಡು ಸಲ ತಿರುಗಿದ. ಹುಳದ ಮನೆ ತನ್ನದೇ ಎಂದು ಗುರುತು ಹಿಡಿದು ಅವನಿಗೆ ಖುಷಿಯಾಯಿತು. ಮುನಿಯಲ್ಲಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ದೂರದಲ್ಲೇ ನಿಂತಳು. ಆಂಜಿನಪ್ಪ ಮಂಡಿಯೂರಿ ತೂತಿಗೆ ಕಣ್ಣಿಟ್ಟ. ಬಹಳ ಹೊತ್ತು ನೋಡಿದ.

"ಹುಳದ ಮನೆ ಕಾಣಲ್ಲ, ನಿಜ," ಎಂದ. "ಆದ್ರೆ ಈ ಕಿಟಕಿ ಬರೀ ತೂತು. ಗಾಜೆಲ್ಲಿ?"

"ಗಾಜಿದ್ರೂ ಹಿಂಗೇ ಕಾಣುತ್ತೆ ಚಿಕ್ಕಮಾವ."

"ಅದು ಹೆಂಗೆ ಹೇಳ್ತೀಯ? ನನ್ ಕನ್ನಡಕ ಗಾಜೇ ತಾನೆ? ಹಾಕ್ಕೊಂಡ್ರೆ ಸಣ್ಣ ಅಕ್ಷರ ದೊಡ್ಡದಾಗಿ ಕಾಣಲ್ವಾ? ಗಾಜು ಹಾಕಿದ ಮೇಲೆ ಹುಳದ ಮನೆ ಹತ್ರ ಬಂದ್ಬಿಟ್ರೆ?"

ನಾನು ಮಾವನ ಮುಖ ನೋಡಿದೆ. ಮಾವ ನಗುತ್ತಾನೆಂದುಕೊಂಡರೆ ಅವನೂ ಯೋಚನೆಯಲ್ಲಿ ಬಿದ್ದಿದ್ದ. ಕಿಟಕಿ ಗಾಜು ಬೇರೆ, ಕನ್ನಡಕದ ಗಾಜು ಬೇರೆ ಎಂದು ವಿವರಿಸಲು ಬಾಯಿ ತೆರೆದು ಮುಚ್ಚಿದೆ. ಅಷ್ಟು ದೂರದಿಂದ ಬಂದ ಮೇಲೆ ವಾದ ಮಾಡುವುದಕ್ಕಿಂತ ಗಾಜು ಹಾಕುವುದೇ ಸುಲಭ.

"ಗೋಂದು ತರ್ಸಿ," ಎಂದೆ.

ಮಾವ ಒಳಗಿಂದ ಚಪ್ಪಲಿ ಅಂಟಿಸುವ, ತಕ್ಷಣ ಹಿಡಿಯುವ ಗೋಂದಿನ ಟ್ಯೂಬು ತಂದ. ಅದು ಬೇಡವೆಂದೆ. ಅದರ ಆವಿಗೇ ಹತ್ತಿರದ ಪ್ಲಾಸ್ಟಿಕ್ಕೆಲ್ಲ ಬೂದಿ ಬಳಿದಂತೆ ಮಬ್ಬಾಗುತ್ತದೆ. ಕೊನೆಗೆ ಪಕ್ಕದ ಬೀದಿಯ ಬಡಗಿಯ ಮನೆಯಿಂದ ಬಿಳಿ ಗೋಂದು ಬಂತು, ಪೆಟ್ಟಿಗೆ ಅಂಗಡಿಯಿಂದ ಹಲ್ಲುಕಡ್ಡಿ ಬಂತು. ಕಲ್ಲುಬೆಂಚಿನ ಪಕ್ಕ ನೆಲದಲ್ಲಿ ಕೂತು, ಉಸಿರು ಬಿಗಿಹಿಡಿದು, ಕಿಟಕಿಯ ಆರು ಕಂಡಿಗಳಿಗೆ ಒಂದೊಂದಾಗಿ ಪೊರೆ ಎಳೆದೆ. ಕೋಳಿಯೊಂದು ರೆಕ್ಕೆ ಬಡಿದದ್ದಕ್ಕೆ ಒಂದು ಒಡೆಯಿತು. ಭಾನುವಾರವೂ ಇದೇ ಗತಿಯೇ ಎಂದು ಅಳು ಬರುವಂತಾಯಿತು. ಮತ್ತೆ ಎಳೆದೆ.

ಕಿಟಕಿ ಬೆಳ್ಳಗೆ ಕೂತಿತು.

"ಇದೇನಮ್ಮಾ, ಹಾಲು ಬಳಿದಿದೀಯ!" ಎಂದ ಆಂಜಿನಪ್ಪ.

"ಒಣಗ್ಲಿ. ತಿಳಿಯಾಗುತ್ತೆ."

ಮುನಿಯಲ್ಲಮ್ಮ ಅಷ್ಟು ಹೊತ್ತಿಗೆ ಹತ್ತಿರ ಬಂದಿದ್ದಳು. ಬಗ್ಗಿ ಆ ಬಿಳಿ ಕಂಡಿಗಳನ್ನು ನೋಡಿದಳು. "ಹಿಂಗೇ ಬೆಳ್ಳಗಿರೋ ಗಾಜು ಸಿಗುತ್ತಲ್ಲ, ಬಚ್ಚಲಿಗೆ ಹಾಕ್ತಾರಲ್ಲ, ಅದನ್ನೇ ಹಾಕ್ಬಾರ್ದಾ?" ಎಂದಳು. ಅವಳ ಧ್ವನಿಯಲ್ಲಿ ಒಂದು ಆಸೆ ಇತ್ತು. ನನಗೆ ಅದು ಆಗ ಅರ್ಥವಾಗಲಿಲ್ಲ.

"ಬಚ್ಚಲೇನು ಅವ್ಳು ಮಲಗಿರೋದು?" ಎಂದು ಮಾವ ರೇಗಿದ.

ಎಲ್ಲರೂ ಕಾದರು. ಮಾಡಲು ಬೇರೆ ಕೆಲಸವೇ ಇಲ್ಲದವರಂತೆ ದೊಡ್ಡವರು ಮೂವರು ಉಗುರಿನಷ್ಟು ಕಂಡಿಗಳನ್ನು ನೋಡುತ್ತಾ ಕೂತರು. ಕಾಫಿ ಬಂತು. ಹಿಪ್ಪುನೇರಳೆ ಸೊಪ್ಪಿಗೆ ಬಿಳಿನೊಣ ಹಿಡಿದಿರುವ ಮಾತು ಬಂತು. ಮೊದಲು ಅಂಚುಗಳು ತಿಳಿಯಾದವು, ಆಮೇಲೆ ನಡುವಿನ ಬಿಳುಪು ಕಿರಿದಾಗುತ್ತಾ ಬಂತು. ಆಂಜಿನಪ್ಪ ಕಾಫಿ ಲೋಟ ಹಿಡಿದೇ ಮರೆತಿದ್ದ. ಕೊನೆಯ ಕಂಡಿಯೂ ತಿಳಿಯಾದಾಗ ಬಿಸಿಲು ಅದಕ್ಕೆ ತಾಗಿ ನಿಜವಾದ ಗಾಜಿನಂತೆ ಮಿಂಚಿತು. "ಅಬ್ಬಬ್ಬಾ," ಎಂದ ಅವನು. ವರ್ಕ್‌ಶಾಪಿನಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಅವನು ಮತ್ತೆ ಮಂಡಿಯೂರಿ ನೋಡಿದ. ಹುಳದ ಮನೆ ಹತ್ತಿರ ಬಂದಿರಲಿಲ್ಲ. ಬೇವಿನಮರದ ತುದಿ, ಅದರ ಮೇಲೆ ಬರೀ ಆಕಾಶ. ಮುನಿಯಲ್ಲಮ್ಮನನ್ನು ಕರೆದು ತೋರಿಸಿದ. ಅವಳೂ ನೋಡಿದಳು, ತಲೆ ಆಚೆ ಈಚೆ ಆಡಿಸಿ ಎಲ್ಲ ಮೂಲೆಯಿಂದಲೂ ನೋಡಿದಳು.

"ಬಾಗಿಲೂ ಕಾಣಲ್ಲ, ನಾನೂ ಕಾಣಲ್ಲ," ಎಂದಳು. "ಸಾಕು. ಇಟ್ಕೊಳ್ಲಿ."

ಕೆಲಸ ಮುಗಿಯಿತು ಎಂದುಕೊಂಡೆ. ಮಧ್ಯಾಹ್ನದ ಬಸ್ಸು ಸಿಕ್ಕಿದರೆ ಮನೆಗೆ ಹೋಗಿ ಕತ್ತಲಾಗುವವರೆಗೂ ಮಲಗಬಹುದಿತ್ತು. ಮಾವನಿಗೆ ಗೆದ್ದ ಉತ್ಸಾಹ. "ನಿಮ್ಮತ್ತೆಗೂ ತೋರ್ಸಿಬಿಡು ಬಾ," ಎಂದು ಮಾದರಿಯನ್ನು ತಾನೇ ಎತ್ತಿಕೊಂಡು ಒಳಗೆ ನಡೆದ. ಆಂಜಿನಪ್ಪ, ಮುನಿಯಲ್ಲಮ್ಮ ಹಿಂದೆ ಬಂದರು.

ಹಿಂದಿನ ಕೋಣೆಯಲ್ಲಿ ಹಗಲಲ್ಲೂ ಬಲ್ಬು. ಅತ್ತೆಯನ್ನು ಆಗಾಗ ಎತ್ತಿ ಮುಂದಿನ ಜಗಲಿಯಲ್ಲಿ ಕೂರಿಸುತ್ತಿದ್ದರಂತೆ. ಬೀದಿಯಲ್ಲಿ ಹೋಗುವವರೆಲ್ಲ ಅಯ್ಯೋ ಪಾಪ ಎನ್ನುವುದನ್ನು ಕೇಳಲಾರದೆ ಅವಳೇ ಬೇಡವೆಂದಿದ್ದಳು. ನನ್ನನ್ನು ಕಂಡು ಎಡಗೈ ಎತ್ತಿದಳು. ಮಾದರಿಯನ್ನು ಹಾಸಿಗೆಯ ಮೇಲೆ, ಅವಳ ಮುಖದ ಪಕ್ಕಕ್ಕೆ ಇಟ್ಟೆ. ಒಳಗಿನ ಪುಟ್ಟ ಮಂಚವನ್ನು ತೋರಿಸಿ, "ಇದು ನೀವು ಅತ್ತೆ. ಇಲ್ಲಿಂದ ನೋಡಿ," ಎಂದೆ. ಹಗಲು ಬೆಳಕು ಬೀಳಲೆಂದು ಮಾವ ಬಾಗಿಲು ಪೂರ್ತಿ ತೆರೆದ.

ಅತ್ತೆ ತೂತಿಗೆ ಕಣ್ಣಿಟ್ಟಳು. ಒಂದು ಕಣ್ಣು ಮುಚ್ಚುವುದು ಅವಳಿಗೆ ಕಷ್ಟ. ಆ ರೆಪ್ಪೆಯನ್ನು ನಾನೇ ಬೆರಳಿನಿಂದ ಮೆಲ್ಲಗೆ ಮುಚ್ಚಿದೆ.

"ಬೇವು," ಎಂದಳು.

"ಹೂಂ, ಬೇವಿನಮರ. ಚೆನ್ನಾಗಿ ಕಾಣುತ್ತಾ?"

"ಹು... ಹುಳದ ಮನೆ ಬಾಗ್ಲು?"

ಮಾವ ಮುಂದೆ ಬಂದ. "ಕಾಣಲ್ಲ ಕಣೇ! ಅದಕ್ಕೇ ಇಷ್ಟು ಎತ್ತರಕ್ಕೆ ಇಡ್ಸಿರೋದು. ಏನೂ ಯೋಚ್ನೆ ಮಾಡ್ಬೇಡ."

"ಒಂಚೂರೂ ಕಾಣಲ್ಲ ಅತ್ತಿಗೆ," ಎಂದ ಆಂಜಿನಪ್ಪ. "ನಾನೇ ನೋಡ್ದೆ."

ಅತ್ತೆ ತೂತಿನಿಂದ ಕಣ್ಣು ತೆಗೆದಳು. ಮಾವನನ್ನು ನೋಡಿದಳು, ಆಂಜಿನಪ್ಪನನ್ನು ನೋಡಿದಳು. ನಾಲಿಗೆಯನ್ನು ಒಟ್ಟುಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಹಂಗಾದ್ರೆ, ಬೇಡ. ಗೋಡೇನೇ ಇರ್ಲಿ."

ಮಾವ ಶುರುಮಾಡಿದ. ಎರಡು ತಿಂಗಳಿಂದ ಕಿಟಕಿ ಕಿಟಕಿ ಎಂದು ತಲೆ ತಿಂದವಳು ನೀನೇ, ತಮ್ಮನ ಮುಂದೆ ನನ್ನ ಮಾನ ಕಳೆದೆ, ಆ ಹುಡುಗಿ ಅಷ್ಟು ದೂರದಿಂದ ಹೊತ್ತುಕೊಂಡು ಬಂದಿದ್ದಾಳೆ, ನಿನಗೇನು ತಲೆ ಕೆಟ್ಟಿದೆಯಾ ಎಂದೆಲ್ಲ. ಅತ್ತೆ ಮುಖ ಆಚೆ ಮಾಡಿದಳು. ಮಾವ ಕೈ ಝಾಡಿಸಿ ಹೊರಗೆ ಹೋದ, ಸಮಾಧಾನ ಮಾಡಲು ಆಂಜಿನಪ್ಪ ಹಿಂದೆ ಹೋದ. ಮುನಿಯಲ್ಲಮ್ಮ ಬಾಗಿಲ ಬಳಿಯೇ ಸ್ವಲ್ಪ ಹೊತ್ತು ನಿಂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಸದ್ದಿಲ್ಲದೆ ತಿರುಗಿ ಹೋದಳು.

ನಾನು ಅತ್ತೆಯ ಪಕ್ಕ ಕೂತೆ. ಅವಳಿಗೆ ಬೇಕಾಗಿದ್ದದ್ದು ಬೆಳಕೂ ಅಲ್ಲ, ಗಾಳಿಯೂ ಅಲ್ಲ. ನಾವೆಲ್ಲ ಯಾವುದು ಕಾಣಬಾರದೆಂದು ಅಳತೆ ಹಿಡಿದು ಮುಚ್ಚಿದ್ದೆವೋ ಅದನ್ನು ನೋಡುವುದಕ್ಕೇ ಅವಳು ಕಿಟಕಿ ಕೇಳಿದ್ದಳು. ಒಬ್ಬರಾದರೂ ಅವಳನ್ನು ಕೇಳಿರಲಿಲ್ಲ. ನಾನು ದಿಂಬಿನ ಎತ್ತರ ಕೇಳಿದ್ದೆ. ತುಂಬ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸುಸ್ತಾಯಿತು.

ಎದ್ದು ಆಚೆ ಅಂಗಳಕ್ಕೆ ಹೋದೆ. ಮುನಿಯಲ್ಲಮ್ಮ ಹುಳದ ಮನೆಯ ಹೊಸ್ತಿಲ ಮುಂದೆ ಹುಳ ಸಾಕುವ ತಟ್ಟೆ ತೊಳೆಯುತ್ತಿದ್ದಳು. ಔಷಧಿ ನೀರಿನ ಘಾಟು. ಒಳಗೆ ಕಾಲಿಡುವಂತಿಲ್ಲ ಎಂದು ಗೊತ್ತಿದ್ದರಿಂದ ದೂರದಲ್ಲೇ ನಿಂತೆ.

"ಚಿಕ್ಕತ್ತೆ, ಕಿಟಕೀನ ಎರಡಡಿ ಕೆಳಗಿಳಿಸಿದ್ರೆ ಬಾಗ್ಲು ಕಾಣುತ್ತೆ. ಅವ್ರಿಗೆ ಅಷ್ಟೇ ಬೇಕಾಗಿರೋದು. ಎಷ್ಟು ವರ್ಷ ನಡೆಸಿದ ಜಾಗ. ದೃಷ್ಟಿ ಗಿಷ್ಟಿ ಅಂತ..."

"ದೃಷ್ಟಿ ಅಂತ ನಿಮ್ಮ ಚಿಕ್ಕಮಾವಂಗೆ ಹೇಳಿದ್ದು," ಎಂದಳು ಅವಳು, ತಲೆ ಎತ್ತದೆ. "ಗಂಡಸ್ರಿಗೆ ಅದಾದ್ರೆ ಅರ್ಥ ಆಗುತ್ತೆ."

ತಟ್ಟೆಯನ್ನು ಗೋಡೆಗೆ ಒರಗಿಸಿ, ಕೈ ನೀರು ಒದರಿ ಎದ್ದು ನಿಂತಳು.

"ಏಮ್ಮಾ ರಂಜಿತಾ, ನಾನು ಈ ಮನೆಗೆ ಬಂದಾಗ್ಲಿಂದ ಅಕ್ಕನ ಕಣ್ಣೆದುರೇ ಕೆಲಸ ಮಾಡಿದೀನಿ. ಒಂದು ದಿನ ಚೆನ್ನಾಗಿ ಮಾಡ್ದೆ ಅಂದೋಳಲ್ಲ. ಹಿಂದೆ ನಿಂತಿರ್ತಿದ್ಲು, ಸುಮ್ನೆ. ಎಲೆ ಕೈಜಾರಿ ಬೀಳೋದು ನಂಗೆ. ಅವಳೇ ಕಲಿಸಿದ್ದು, ಇಲ್ಲ ಅನ್ನಲ್ಲ. ಕೆಟ್ಟೋಳು ಅಂತಾನೂ ಅನ್ನಲ್ಲ. ಅವಳು ಬಿದ್ದ ದಿನ ನಾನು ಎಷ್ಟು ಅತ್ತಿದೀನಿ ಗೊತ್ತಾ? ಆದ್ರೆ ಮಾರನೇ ಬೆಳಗ್ಗೆ ಒಬ್ಳೇ ಒಳಗೆ ಹೋಗಿ ಎಲೆ ಹಾಕ್ದಾಗ, ಬೆನ್ನ ಹಿಂದೆ ಯಾರೂ ಇರ್ಲಿಲ್ಲ. ಎಂಥಾ ನಿರಾಳ! ಅವಳ ಬೆಳೆಗಿಂತ ನನ್ ಬೆಳೆ ಕಡಿಮೆನೇ ಬರುತ್ತೆ. ಬರ್ಲಿ. ಈಗ ಆ ಗೋಡೆಗೆ ಕಣ್ಣು ಇಡ್ತೀನಿ ಅಂತೀಯ. ಬೆಳಗಿಂದ ಸಂಜೆವರೆಗೂ. ನನ್ ಕೈಲಾಗಲ್ಲಮ್ಮಾ."

ಅವಳ ಕಣ್ಣಲ್ಲಿ ನೀರಿತ್ತು. ನೋಡದೆ ಇರಲಾರದವಳು ಗೋಡೆಯ ಆ ಕಡೆ, ನೋಡಿಸಿಕೊಳ್ಳಲಾರದವಳು ಈ ಕಡೆ. ಇಬ್ಬರಲ್ಲಿ ಯಾರನ್ನೂ ತಪ್ಪು ಎನ್ನುವ ಧೈರ್ಯ ನನಗಿರಲಿಲ್ಲ. ಆ ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಕೊರೆದರೂ ಇಬ್ಬರಿಗೂ ಹೊಂದುವ ಕಿಟಕಿ ಮಾಡಲು ನನಗೆ ಬರುವುದಿಲ್ಲ.

"ಅಕ್ಕಂಗೆ ಇದನ್ನ ಹೇಳ್ಬೇಡ," ಎಂದಳು.

"ಹೇಳಲ್ಲ."

ವಾಪಸು ಬಂದು ಮಾದರಿಯನ್ನು ಚೀಲಕ್ಕೆ ಹಾಕತೊಡಗಿದೆ. ಬಸ್ಸು ಹೋಗಿಬಿಟ್ಟಿತ್ತು, ಇನ್ನೊಂದು ಸಂಜೆಗೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಲಿಲ್ಲ. ಮುಂದಿನ ಕೋಣೆಯಲ್ಲಿ ಮಾವ ಟಿವಿ ಹಾಕಿದ್ದ. ನಾನು ಮಂಚದ ಕಾಲಿಗೆ ಒರಗಿ ನೆಲದ ಮೇಲೇ ಕಾಲು ಚಾಚಿದೆ. ಇಬ್ಬರೂ ಹಾಗೇ ಬಿದ್ದಿದ್ದೆವು.

ಆಗ ಹಿಂದಿನ ಗೋಡೆಗೆ ಆ ಕಡೆಯಿಂದ ಯಾರೋ ಅಂಗೈಯಲ್ಲಿ ಬಡಿದರು. ಧಪ್ ಧಪ್.

"ಅಕ್ಕಾ!" ಮುನಿಯಲ್ಲಮ್ಮನ ಧ್ವನಿ. ಹೊಲದ ಈ ಬದಿಯಿಂದ ಆ ಬದಿಗೆ ಕೂಗುವಂಥ ಧ್ವನಿ. "ಅಕ್ಕಾ, ಹುಳ ಮೂರನೇ ಜ್ವರಕ್ಕೆ ಕೂತವೆ!"

ಹುಳ ಪೊರೆ ಬಿಡುವ ಮೊದಲು ಎಲೆ ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಆಗ ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಅದು ಮನೆಯವರಲ್ಲದವರಿಗೆ ಹೇಳುವ ಮಾತಲ್ಲ.

ಅತ್ತೆ ಕಣ್ಣು ಬಿಟ್ಟಳು. ಎಡಗೈ ಊರಿ ಏಳಲು ನೋಡಿದಳು. ನಾನು ಹಿಡಿದುಕೊಂಡೆ. ಗೋಡೆಯ ಕಡೆ ತಿರುಗಿ ಏನೋ ಕೂಗಿದಳು, ಧ್ವನಿ ಗಂಟಲು ದಾಟಲಿಲ್ಲ. ಮತ್ತೆ ಪ್ರಯತ್ನಿಸಿದಳು. ಕೊನೆಗೆ ನನ್ನ ತೋಳು ಜಗ್ಗಿ ಬಾಯಿಯನ್ನು ನನ್ನ ಕಿವಿಗೆ ತಂದಳು.

"ಸು... ಸುಣ್ಣ. ಸುಣ್ಣ ಉದುರ್ಸಿದ್ಲಾ, ಕೇಳು."

ನಾನು ಗೋಡೆಗೆ ಬಾಯಿ ಹತ್ತಿರ ಇಟ್ಟು ಕಿರುಚಿದೆ. "ಸುಣ್ಣ ಉದುರಿಸಿದೀರಾ ಅಂತ ಕೇಳ್ತಾವ್ರೆ!"

ಆ ಕಡೆಯಿಂದ ಉತ್ತರ ಬಂತು.

"ಉದುರಿಸ್ದೆ ಅಂತ ಹೇಳು! ಮದುವೆಯಾಗಿ ಬಂದ ದಿನದಿಂದ ಉದುರಿಸ್ತಾನೇ ಇವ್ನಿ, ಇನ್ನೂ ನಂಬ್ಕೆ ಬಂದಿಲ್ವಾ ಅಂತ ಕೇಳು!"

ನಾನು ಅತ್ತೆಯ ಕಡೆ ತಿರುಗಿ, "ಉದುರಿಸಿದಾರಂತೆ," ಎಂದೆ.

"ಇನ್ನೂ... ಏನೋ ಅಂದ್ಲಲ್ಲ?"

"ಏನಿಲ್ಲ ಅತ್ತೆ. ಅಷ್ಟೇ."

ಅತ್ತೆಯ ಮುಖದ ಅರ್ಧ ಭಾಗ, ಇನ್ನೂ ಅವಳ ಮಾತು ಕೇಳುವ ಭಾಗ, ನಿಧಾನವಾಗಿ ನಕ್ಕಿತು.

"ನಂಗೆ ಕೇಳುಸ್ತು," ಎಂದಳು.